ಇಟ್ಟಿಗೆಯೋ, ಹೊದಿಕೆಯೋ?

ನಿವೃತ್ತನಾದವನು ಎರಡು ಕೆಲಸ ಮಾಡಬಾರದು ಎಂದು ನಮ್ಮ ಬ್ಯಾಂಕಿನ ಹಿರಿಯರೊಬ್ಬರು ಹೇಳುತ್ತಿದ್ದರು. ಒಂದು, ಯಾರಿಗೂ ಜಾಮೀನು ನಿಲ್ಲಬಾರದು. ಇನ್ನೊಂದು, ಮನೆ ಕಟ್ಟಿಸಲು ಹೋಗಬಾರದು. ಮೊದಲನೆಯದನ್ನು ಇವತ್ತಿನವರೆಗೂ ಪಾಲಿಸಿಕೊಂಡು ಬಂದಿದ್ದೇನೆ. ಎರಡನೆಯದು ಕೈಮೀರಿತು. 1996ರಲ್ಲಿ ನಾವು ಹನ್ನೆರಡು ಮಂದಿ ಬ್ಯಾಂಕ್ ನೌಕರರು ಸೇರಿ ಪುಣೆಯ ಪಶ್ಚಿಮಕ್ಕೆ, ಭೂಗಾಂವ್ ಆಚೆ, ಒಂದು ಎನ್.ಎ. ಜಾಗ ಕೊಂಡು ಹಂಚಿಕೊಂಡಿದ್ದೆವು. ಆಗ ಅಲ್ಲಿಗೆ ಹೋಗಲು ಬಸ್ಸಿಗೆ ಕಾಯಬೇಕಿತ್ತು. ಈಗ ಅಲ್ಲಿಂದ ಹೊರಬೀಳಲು ಟ್ರಾಫಿಕ್ಕು ಕರಗುವುದಕ್ಕೆ ಕಾಯಬೇಕು. 2018ರಲ್ಲಿ ನಾನು ನಿವೃತ್ತನಾದೆ. ಕೊರೋನಾದ ವರ್ಷ ಕೋಥರೂಡಿನ ಫ್ಲ್ಯಾಟಿನಲ್ಲಿ ಕೂತು ಕೂತು ಬೇಸತ್ತ ನನ್ನ ಹೆಂಡತಿ, "ಬಾಗಿಲು ತೆಗೆದರೆ ನೆಲಕ್ಕೆ ಕಾಲು ತಾಗಬೇಕು, ಅಂಥ ಮನೆ ಬೇಕು" ಎಂದಳು. 2021ರ ದೀಪಾವಳಿ ಮುಗಿದ ಮೇಲೆ ಪಾಯ ತೋಡಿಸಿದೆವು.

ಕಂಬಗಳು ಎದ್ದು ಸ್ಲ್ಯಾಬು ಬಿದ್ದ ಮೇಲೆ ಒಂದು ದಿನ ನಮ್ಮ ಆರ್ಕಿಟೆಕ್ಟ್ ಹುಡುಗಿ ಬಂದಳು. ನನ್ನ ಮಗನಿಗಿಂತ ಚಿಕ್ಕವಳು, ನನ್ನನ್ನು "ಕಾಕಾ" ಎನ್ನುತ್ತಾಳೆ. ಮೇಜಿನ ಮೇಲೆ ಎರಡು ವಸ್ತು ಇಟ್ಟಳು. ಒಂದು ಇಟ್ಟಿಗೆ, ಮೂರು ಕಿಲೋ ತೂಗಬಹುದು. ಇನ್ನೊಂದು ಅದೇ ಬಣ್ಣದ, ಅದೇ ಒರಟಿನ ಒಂದು ಬಿಲ್ಲೆ. ಬೆರಳಿನಷ್ಟು ದಪ್ಪ, ಬಿಸ್ಕತ್ತಿನ ಹಾಗೆ ಹಗುರ. ಗೋಡೆಯನ್ನು ಯಾವುದರಿಂದಾದರೂ ಕಟ್ಟಿ ಮೇಲೆ ಇದನ್ನು ಅಂಟಿಸಿದರೆ ನೋಡುವವರಿಗೆ ಇಟ್ಟಿಗೆಯ ಮನೆ. ಬೇಕಾದರೆ ಕಲ್ಲಿನ ಬಿಲ್ಲೆಯೂ ಇದೆ. ಅಂಟಿಸಿದರೆ ಕಲ್ಲಿನ ಮನೆ. ಮರದಂತೆ ಕಾಣುವ ಹಲಗೆಯೂ ಇದೆ. "ಹೇಳಿ ಕಾಕಾ, ಬರಿ ಇಟ್ಟಿಗೆ ಇಡೋಣವೋ, ಕ್ಲ್ಯಾಡಿಂಗ್ ಮಾಡೋಣವೋ?" ಖರ್ಚು ಹೆಚ್ಚುಕಡಿಮೆ ಒಂದೇ. ಬರಿ ಇಟ್ಟಿಗೆಗೆ ಆರಿಸಿದ ಮಾಲು ಬೇಕು, ಕುಶಲ ಕೈ ಬೇಕು; ಆದರೆ ಹೊರಗಿನ ಗಿಲಾವು, ಬಣ್ಣ ಎರಡೂ ಉಳಿಯುತ್ತವೆ.

ನಾನು ಎಂ.ಕಾಂ. ಓದಿದವನು. ದುಡ್ಡಿನ ಲೆಕ್ಕ ಎರಡು ಕಡೆಯೂ ಸರಿಹೋದರೆ ನನಗೆ ಮುಂದೆ ದಾರಿ ಕಾಣುವುದಿಲ್ಲ. ಆದರೂ ಅವತ್ತು ತಕ್ಷಣ ಹೇಳಿಬಿಟ್ಟೆ: "ಇಟ್ಟಿಗೆಯೇ ಇರಲಿ. ಇದ್ದದ್ದು ಇದ್ದ ಹಾಗೆ ಕಾಣಲಿ. ಸುಳ್ಳು ಮುಖ ಯಾಕೆ?"

ಹೆಂಡತಿ ಚಹಾ ತಂದಿಡುತ್ತಾ, "ಇಪ್ಪತ್ತು ವರ್ಷ ತಲೆಗೆ ಡೈ ಹಚ್ಚಿಕೊಂಡವರ ಬಾಯಲ್ಲಿ ಈ ಮಾತು!" ಎಂದಳು. ಆ ಹುಡುಗಿಗೆ ಕನ್ನಡ ಬಾರದಿದ್ದರೂ ನಕ್ಕಳು.

ತಮಾಷೆಯ ಮಾತಾದರೂ ನನಗೆ ಅದು ನಾಟಿತು. ಹೊದಿಕೆ ಎಂದರೆ ಸುಳ್ಳೇ? ಡೈ ಹಚ್ಚಿದ್ದು ಸುಳ್ಳೇ? ಮೂವತ್ತೈದು ವರ್ಷ ಬೀದಿಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ ಆಡಿದ್ದೇನಲ್ಲ, ಅದರಲ್ಲಿ ಗೋಡೆ ಯಾವುದು, ಬಿಲ್ಲೆ ಯಾವುದು? ಹೊರನಾಡಿನಲ್ಲಿ ಬದುಕಿದವರೆಲ್ಲ ಒಂದಲ್ಲ ಒಂದು ದಿನ ಈ ಪ್ರಶ್ನೆಯನ್ನು ಕೇಳಿಕೊಂಡಿರುತ್ತಾರೆ. ನನಗೆ ಅದು ಇಟ್ಟಿಗೆಯ ನೆಪದಲ್ಲಿ ಎದುರಾಯಿತು, ಅಷ್ಟೇ.

ಮೊದಲು ನೆನಪಾದದ್ದು ಕುಮಟೆಯ ಹತ್ತಿರದ ನಮ್ಮ ಹಳ್ಳಿಮನೆ. ಕೆಳಗೆ ಕೆಂಪುಕಲ್ಲಿನ ಪಂಚಾಂಗ, ಮೇಲೆ ಮಣ್ಣಿನ ಗೋಡೆ. ಈ ಕೆಂಪುಕಲ್ಲು, ನೀವು ಮುರಕಲ್ಲು ಎನ್ನಿ, ಜಂಬಿಟ್ಟಿಗೆ ಎನ್ನಿ, ನೆಲದಲ್ಲಿರುವಾಗ ಮೆತ್ತಗಿದ್ದು ಕತ್ತರಿಸಿ ಗಾಳಿಗಿಟ್ಟ ಮೇಲೆ ಗಟ್ಟಿಯಾಗುತ್ತದೆ. ಅದಕ್ಕೆ ಇಂಗ್ಲಿಷಿನಲ್ಲಿ ಲ್ಯಾಟರೈಟ್ ಎಂಬ ಹೆಸರು ಕೊಟ್ಟವನು ಫ್ರಾನ್ಸಿಸ್ ಬುಕಾನನ್; 1807ರಲ್ಲಿ ಪ್ರಕಟವಾದ ಅವನ ಪ್ರವಾಸಗ್ರಂಥದಲ್ಲಿ ಆ ಹೆಸರಿದೆ. ಲ್ಯಾಟಿನ್ ಭಾಷೆಯ ಆ ಮೂಲಪದದ ಅರ್ಥ ಇಟ್ಟಿಗೆ ಎಂದೇ. ನಮ್ಮ ಜಂಬಿಟ್ಟಿಗೆಯ ಒಳಗೂ ಇಟ್ಟಿಗೆ ಕೂತಿದೆಯಲ್ಲ!

ಆ ಮನೆಯ ಪಡುವಣ ಗೋಡೆಗೆ ಪ್ರತಿ ವರ್ಷ ಮೇ ತಿಂಗಳ ಕೊನೆಗೆ ಅಪ್ಪ ಅಡಿಕೆ ಸೋಗೆಯ ತಟ್ಟಿ ಕಟ್ಟಿಸುತ್ತಿದ್ದ. ಕರಾವಳಿಯ ಮಳೆ ನೇರ ಬೀಳುವುದಿಲ್ಲ, ಗಾಳಿಯ ಜೊತೆ ಅಡ್ಡಡ್ಡ ಬಂದು ಹೊಡೆಯುತ್ತದೆ. ಆ ಎರಚಲಿಗೆ ಮಣ್ಣಿನ ಗೋಡೆ ಒಂದು ಮಳೆಗಾಲವೂ ನಿಲ್ಲುವುದಿಲ್ಲ. ತಟ್ಟಿ ಕಟ್ಟಿದರೆ ಮನೆಯೇ ಕಾಣುತ್ತಿರಲಿಲ್ಲ; ದೊಡ್ಡದೊಂದು ಹುಲ್ಲಿನ ಬಣವೆ ಕೂತ ಹಾಗೆ ಇರುತ್ತಿತ್ತು. ಒಳಗೆ ಹಗಲಲ್ಲೂ ಕತ್ತಲೆ. ದೀಪಾವಳಿಗೆ ಮುಂಚೆ ಬಿಚ್ಚಿದಾಗ ಗೋಡೆ ಹೊಸದಾಗಿ ಬಂದಂತೆ ಅನಿಸುತ್ತಿತ್ತು. ಈಗ ಯೋಚಿಸಿದರೆ ಅದೂ ಕ್ಲ್ಯಾಡಿಂಗೇ. ಆದರೆ ಅದನ್ನು ನೋಡಿ ಯಾರೂ, ಇವರ ಮನೆಯ ಗೋಡೆ ಸೋಗೆಯದು ಎಂದು ಮೋಸಹೋಗಲಿಲ್ಲ. ಹಿಂದೆ ಮಣ್ಣಿದೆ, ಅದಕ್ಕೆ ಮಳೆ ತಾಗಬಾರದು, ಆದ್ದರಿಂದ ಇದು, ಎಂದು ದಾರಿಯಲ್ಲಿ ಹೋಗುವ ಹುಡುಗನಿಗೂ ಗೊತ್ತಿತ್ತು. ಹಾಗಾದರೆ ಮುಚ್ಚಿದ್ದೆಲ್ಲ ಸುಳ್ಳಲ್ಲ ಎಂದಾಯಿತು.

ಈ ವಿಚಾರವನ್ನು ಆರ್ಕಿಟೆಕ್ಟ್ ಹುಡುಗಿಗೆ ಹೇಳಿದಾಗ ಅವಳು ಜಾನ್ ರಸ್ಕಿನ್ ಹೆಸರು ತೆಗೆದಳು. ನನಗೆ ಆ ಹೆಸರು ಗಾಂಧೀಜಿಯ ಮೂಲಕ ಗೊತ್ತಿತ್ತು. 1904ರಲ್ಲಿ ಜೋಹಾನ್ಸ್‌ಬರ್ಗ್‌ನಿಂದ ಡರ್ಬನ್ನಿಗೆ ಹೋಗುವ ರೈಲಿನಲ್ಲಿ ಅವರು ಓದಿ ಬದುಕನ್ನೇ ಬದಲಿಸಿಕೊಂಡದ್ದು ಇವನ ಪುಸ್ತಕವನ್ನೇ. ಅದೇ ರಸ್ಕಿನ್ 1849ರಲ್ಲಿ ಕಟ್ಟಡಗಳ ಬಗ್ಗೆ ಒಂದು ಪುಸ್ತಕ ಬರೆದು, ಅದರಲ್ಲಿ ಸತ್ಯಕ್ಕೆ ಒಂದು ಅಧ್ಯಾಯವನ್ನೇ ಕೊಟ್ಟಿದ್ದಾನೆ. ಅವನ ವಾದದ ಸಾರ ಇಷ್ಟು: ಇಟ್ಟಿಗೆಯ ಮೇಲೆ ಗಾರೆ ಬಳಿದು ಅದರ ಮೇಲೆ ಚಿತ್ರ ಬರೆದರೆ ತಪ್ಪಿಲ್ಲ. ಆದರೆ ಇಟ್ಟಿಗೆಗೆ ಸಿಮೆಂಟು ಬಳಿದು, ಕಲ್ಲಿನ ಸಂದುಗಳ ಹಾಗೆ ಗೆರೆ ಎಳೆದು, ಕಲ್ಲೆಂದು ತೋರಿಸಿದರೆ ಅದು ಸುಳ್ಳು. ಮೊದಲನೆಯದರಲ್ಲಿ ಹೊದಿಕೆ ತಾನು ಹೊದಿಕೆ ಎಂದೇ ಹೇಳುತ್ತದೆ. ಎರಡನೆಯದರಲ್ಲಿ ತಾನೇ ಗೋಡೆ ಎನ್ನುತ್ತದೆ.

ಬ್ಯಾಂಕಿನವನಿಗೆ ಇದು ಬೇಗ ಅರ್ಥವಾಗುತ್ತದೆ. ದೇವಸ್ಥಾನದ ಕಳಶಕ್ಕೆ ಚಿನ್ನದ ಲೇಪ ಕೊಟ್ಟಿರುತ್ತಾರೆ. ಒಳಗೆ ತಾಮ್ರ ಎಂದು ಎಲ್ಲರಿಗೂ ಗೊತ್ತು, ಕೈಮುಗಿಯುತ್ತಾರೆ. ಅದೇ ಲೇಪ ಕೊಟ್ಟ ಸರವನ್ನು ಒಬ್ಬ ಅಡವಿಡಲು ತಂದರೆ ಅವನನ್ನು ಪೊಲೀಸರಿಗೆ ಒಪ್ಪಿಸುತ್ತೇವೆ. ಲೇಪ ಒಂದೇ. ಸರ ನೋಡಿ ನಾನು ಸಾಲ ಕೊಡುತ್ತೇನೆ, ಅಂದರೆ ಅದರ ಮೇಲೆ ನನ್ನ ಭಾರ ಹಾಕುತ್ತೇನೆ. ಕಳಶದ ಮೇಲೆ ಯಾರೂ ಭಾರ ಹಾಕುವುದಿಲ್ಲ. ನಮ್ಮ ಶಾಖೆಗೆ ಬರುತ್ತಿದ್ದ ಅಕ್ಕಸಾಲಿಗರು ಒರೆಗಲ್ಲಿಗೆ ತಿಕ್ಕುವ ಮುಂಚೆ ಸರದ ಕೊಂಡಿಯ ಹತ್ತಿರ, ಸವೆಯುವ ಜಾಗವನ್ನೇ ಹುಡುಕುತ್ತಿದ್ದರು. "ಮೋಸ ಇದ್ದರೆ ಸವೆದಲ್ಲಿ ತೋರುತ್ತದೆ ಸಾಹೇಬರೇ" ಎನ್ನುತ್ತಿದ್ದರು.

ಇಷ್ಟಾದ ಮೇಲೆ ಇಟ್ಟಿಗೆಯೇ ಸತ್ಯ, ಬಿಲ್ಲೆಯೇ ಸುಳ್ಳು ಎಂದು ಮುಗಿಸಬಹುದಿತ್ತು. ಆದರೆ ಇಟ್ಟಿಗೆಯ ಸತ್ಯಸಂಧತೆಯೂ ಪೂರ್ತಿ ನಿಜವಲ್ಲ ಎಂದು ಮಾರನೇ ವಾರ ತಿಳಿಯಿತು. ಸೈಟಿನಲ್ಲಿ ನಿಂತು ನೋಡಿದೆ. ನಮ್ಮ ಮನೆ ನಿಂತಿರುವುದು ಆರ್.ಸಿ.ಸಿ. ಕಂಬ, ತೊಲೆಗಳ ಮೇಲೆ. ಸ್ಲ್ಯಾಬಿನ ಭಾರ ಕಂಬಕ್ಕೆ, ಕಂಬದ್ದು ಪಾಯಕ್ಕೆ. ಗೋಡೆ ನಡುವಿನ ಜಾಗ ತುಂಬುತ್ತದೆ, ಅಷ್ಟೇ. ನಾಳೆ ಆ ಇಟ್ಟಿಗೆಗಳನ್ನೆಲ್ಲ ತೆಗೆದರೂ ಮನೆ ಬೀಳುವುದಿಲ್ಲ. ನೋಡುವವರು ಮಾತ್ರ, ಆಹಾ, ಇಟ್ಟಿಗೆಯ ಮೇಲೆ ನಿಂತ ಮನೆ ಎನ್ನುತ್ತಾರೆ. ಮಗನಿಗೆ ಫೋನಿನಲ್ಲಿ ಹೇಳಿದಾಗ ನಕ್ಕ. ಅವನಿರುವುದು ಅಮೆರಿಕದಲ್ಲಿ. "ಅಪ್ಪಾ, ಇಲ್ಲಿ ಇಟ್ಟಿಗೆ ಮನೆ ಅಂತ ಕಾಣೋದರಲ್ಲಿ ಹೆಚ್ಚಿನವು ಒಳಗೆ ಮರದ ಚೌಕಟ್ಟು. ಹೊರಗೆ ಒಂದೇ ಸಾಲು ಇಟ್ಟಿಗೆ. ಎಷ್ಟೋ ಮನೆಗಳಲ್ಲಿ ಅದೂ ರಸ್ತೆ ಕಡೆಗೆ ಮಾತ್ರ. ಉಳಿದ ಮೂರು ಕಡೆ ಪ್ಲಾಸ್ಟಿಕ್ ಪಟ್ಟಿಯ ಸೈಡಿಂಗು" ಎಂದ. ಮುಂದೆ ಮಾತ್ರ ಇಟ್ಟಿಗೆ ಎಂಬ ಮಾತು ಕೇಳಿ ನನಗೆ ನಗು ಬಂದರೂ, ನಮ್ಮಲ್ಲೂ ಅಂಥ ಮನೆಗಳೇನು ಕಡಿಮೆಯಿಲ್ಲ, ಅಂಥ ಮನುಷ್ಯರೂ.

ಹೊರಗೋಡೆಯ ಮೂಲಕ ತಾನು ಯಾರೆಂದು ಹೇಳಿಕೊಳ್ಳುವ ಚಟ ಹೊಸದಲ್ಲ. ಮೊದಲನೇ ಬಾಜೀರಾಯ 1730ರಲ್ಲಿ ಶನಿವಾರವಾಡೆ ಕಟ್ಟಲು ಶುರುಮಾಡಿದಾಗ ಇಡೀ ವಾಡೆಯನ್ನು ಕಲ್ಲಿನಲ್ಲೇ ಕಟ್ಟಬೇಕೆಂದಿದ್ದನಂತೆ. ಕಲ್ಲಿನ ಅರಮನೆ ಛತ್ರಪತಿಗೆ ಮಾತ್ರ ಸಲ್ಲುವುದು, ಪೇಶ್ವೆಗಲ್ಲ ಎಂದು ಸಾತಾರೆಯಿಂದ ಆಕ್ಷೇಪ ಬಂದು, ಮೇಲಿನದನ್ನು ಇಟ್ಟಿಗೆಯಲ್ಲಿ ಕಟ್ಟಿದನೆಂದು ಪುಣೆಯಲ್ಲಿ ಒಂದು ಕತೆ ಹೇಳುತ್ತಾರೆ. 1828ರ ಬೆಂಕಿಯಲ್ಲಿ ಒಳಗಿನ ಮಹಲುಗಳೆಲ್ಲ ಹೋದವು. ಇವತ್ತು ಹೋದರೆ ಕಲ್ಲಿನ ಜಗುಲಿಗಳು, ಕೋಟೆಗೋಡೆ, ಬಾಗಿಲು ಇವೆ. ಕತೆ ನಿಜವೋ ಅಲ್ಲವೋ, ಗೋಡೆಯ ವಸ್ತು ನೋಡಿ ಜನ ಯಜಮಾನನ ಅಧಿಕಾರ ಅಳೆಯುತ್ತಿದ್ದರು ಎನ್ನುವುದಂತೂ ಅದರಲ್ಲಿದೆ.

ನನ್ನ ಗೊಂದಲಕ್ಕೆ ಒಂದು ತುದಿ ಸಿಕ್ಕಿದ್ದು ನಮ್ಮ ಗೌಂಡಿಯಿಂದ. ಅವನು ಯಾದಗಿರಿ ಕಡೆಯವನು. ಪುಣೆಯ ಕಟ್ಟಡಗಳಲ್ಲಿ ಕೆಲಸ ಮಾಡುವ ನಮ್ಮ ಕಲಬುರಗಿ, ಯಾದಗಿರಿ, ವಿಜಯಪುರದ ಜನರನ್ನು ನೀವು ನೋಡಿಯೇ ಇರುತ್ತೀರಿ. ಕನ್ನಡ ಸಂಘದ ಕಾರ್ಯಕ್ರಮಕ್ಕೆ ಅವರು ಬರುವುದಿಲ್ಲ, ನಾವೂ ಕರೆದಿಲ್ಲ. ನಾನು ಮೊದಲ ವಾರ ಅವನೊಡನೆ ಮರಾಠಿಯಲ್ಲೇ ಮಾತಾಡಿದೆ. ಒಂದು ದಿನ ಅವನು ಹೆಂಡತಿಯನ್ನು ಕರೆದದ್ದು ಕೇಳಿ ಕನ್ನಡಕ್ಕೆ ತಿರುಗಿದೆ. ಬಿಲ್ಲೆ, ಇಟ್ಟಿಗೆ ಎರಡನ್ನೂ ತೋರಿಸಿ, "ನೀನು ಹೇಳಪ್ಪಾ, ಯಾವುದು ಒಳ್ಳೆಯದು?" ಎಂದು ಕೇಳಿದೆ.

ಅವನು ಬಿಲ್ಲೆಯನ್ನು ಮುಟ್ಟಲೂ ಇಲ್ಲ. "ಸಾಹೇಬ್ರ, ಮ್ಯಾಲ ಇದನ್ನ ಹಚ್ಚೂದಿದ್ರ ಒಳಗ ನಾ ಹೆಂಗ ಕಟ್ಟಿದ್ರೂ ನಡೀತೈತ್ರಿ. ತುಂಡ್ ಇಟ್ಟಂಗಿ ಹಾಕ್ತೀನಿ, ಸಂದಿನ್ಯಾಗ ಮಾಲು ತುಂಬಲಿಲ್ಲಂದ್ರೂ ಯಾರ್ ನೋಡ್ತಾರ? ಬರೇ ಇಟ್ಟಂಗಿ ಇಟ್ರ ನನ್ನ ಕೈ ಕಾಣತೈತಿ. ಅವತ್ತ ಮೈ ಮ್ಯಾಲ ಎಚ್ಚರ ಇರಬೇಕಾಗ್ತೈತಿ."

ಅವನು ಇಟ್ಟಿಗೆ ಪರೀಕ್ಷೆ ಮಾಡುವುದನ್ನೂ ನನಗೆ ಕಲಿಸಿದ. ಎರಡು ಇಟ್ಟಿಗೆಗಳನ್ನು ಒಂದಕ್ಕೊಂದು ತಟ್ಟಿದರೆ ಲೋಹದ ಹಾಗೆ ಟಣ್ ಎನ್ನಬೇಕು. ಉಗುರಿನಿಂದ ಗೀರಿದರೆ ಗೆರೆ ಬೀಳಬಾರದು. ಸೊಂಟದೆತ್ತರದಿಂದ ನೆಲಕ್ಕೆ ಬಿಟ್ಟರೆ ಒಡೆಯಬಾರದು. ನನ್ನ ಪಾಲಿಗೆ ನಾನು ಒಂದನ್ನು ಅಡಿಗೆಮನೆಯ ತಕ್ಕಡಿಯಲ್ಲಿ ತೂಗಿ, ಒಂದು ದಿನ ನೀರಿನಲ್ಲಿ ಮುಳುಗಿಸಿಟ್ಟು, ಮತ್ತೆ ತೂಗಿದೆ. ಸಾಮಾನ್ಯ ಇಟ್ಟಿಗೆ ತನ್ನ ತೂಕದ ಶೇಕಡಾ 20ಕ್ಕಿಂತ ಹೆಚ್ಚು ನೀರು ಕುಡಿಯಬಾರದು ಎಂಬುದು ನಮ್ಮ ಭಾರತೀಯ ಮಾನಕದ ನಿಯಮ. ನಮ್ಮದು ಹದಿನಾಲ್ಕು ಚಿಲ್ಲರೆ ಕುಡಿದಿತ್ತು. ಪಾಸಾಯಿತು ಎಂದೆ. ಹೆಂಡತಿ ತಕ್ಕಡಿ ತೊಳೆದುಕೊಡಿ ಎಂದಳು.

ಗೌಂಡಿಯ ಮಾತು ಮಾತ್ರ ರಾತ್ರಿಯೂ ಬಿಡಲಿಲ್ಲ. "ಒಳಗ ನಾ ಹೆಂಗ ಕಟ್ಟಿದ್ರೂ ನಡೀತೈತ್ರಿ." ಯಾಕೆಂದರೆ ಆ ಕೆಲಸ ನಾನೇ ಮಾಡಿದ್ದೆ, ಇಟ್ಟಿಗೆಯಲ್ಲಲ್ಲ, ಲೆಡ್ಜರಿನಲ್ಲಿ.

1999. ದಕ್ಷಿಣ ಮಹಾರಾಷ್ಟ್ರದ ಒಂದು ಮಗ್ಗದ ಊರಿನಲ್ಲಿ ನಾನು ಶಾಖಾ ವ್ಯವಸ್ಥಾಪಕ. ಆಗಿನ ನಿಯಮದಂತೆ ಎರಡು ತ್ರೈಮಾಸಿಕ ಬಡ್ಡಿ ಬಾಕಿ ಉಳಿದರೆ ಆ ಸಾಲ ಎನ್.ಪಿ.ಎ. ಆಗುತ್ತಿತ್ತು, ತೊಂಬತ್ತು ದಿನದ ನಿಯಮ ಬಂದದ್ದು ಆಮೇಲೆ, 2004ರ ಮಾರ್ಚಿನಿಂದ. ಒಬ್ಬ ಮಗ್ಗದ ಮಾಲೀಕನ ಬಡ್ಡಿ ಎರಡು ಲಕ್ಷ ಚಿಲ್ಲರೆ ಬಾಕಿ. ಅವನ ಧಂದೆ ಕುಸಿಯುತ್ತಿದೆ ಎಂದು ನನಗೆ ಗೊತ್ತಿತ್ತು. ಆದರೂ ಮಾರ್ಚ್ 31ಕ್ಕೆ ಎರಡು ದಿನ ಮುಂಚೆ ಅವನ ಮಿತಿಯನ್ನು ನನ್ನ ಅಧಿಕಾರದೊಳಗೇ ಹೆಚ್ಚಿಸಿ, ಆ ಹೊಸ ದುಡ್ಡಿನಿಂದಲೇ ಹಳೆಯ ಬಡ್ಡಿ ಜಮಾ ಮಾಡಿಸಿಕೊಂಡೆ. ಖಾತೆ ನೀಟಾಯಿತು. ಯಾರ ಹತ್ತಿರವೂ ನಾನು ಲಂಚ ತಿನ್ನಲಿಲ್ಲ, ಇದನ್ನು ಹೇಳಲೇಬೇಕು. ನನಗೆ ಬೇಕಾಗಿದ್ದದ್ದು ಒಂದೇ: ನನ್ನ ಶಾಖೆಯ ಬ್ಯಾಲೆನ್ಸ್ ಶೀಟಿನ ಮುಂಭಾಗ ಚೆಂದ ಕಾಣಬೇಕು, ಮನೆಗೆ ಹತ್ತಿರ ವರ್ಗ ಸಿಗಬೇಕು. ಮಾರ್ಚ್ ಕೊನೆಯ ಇಂಥ ಅಲಂಕಾರಕ್ಕೆ ಬ್ಯಾಂಕಿನಲ್ಲಿ ವಿಂಡೋ ಡ್ರೆಸ್ಸಿಂಗ್ ಎನ್ನುತ್ತಾರೆ. ಹೆಸರೇ ಹೇಳುವಂತೆ ಅದು ಹೊರಗೋಡೆಯ ಕೆಲಸ.

ಜೂನಿನಲ್ಲಿ ಪುಣೆಗೆ ವರ್ಗವಾಯಿತು. ನನ್ನ ಜಾಗಕ್ಕೆ ಬಂದವರಿಗೆ ಚಾರ್ಜ್ ಕೊಟ್ಟೆ. ಚಾರ್ಜ್ ಪಟ್ಟಿಯಲ್ಲಿ ಬೀಗದ ಕೈಗಳು, ನಗದು, ದಾಖಲೆ ಎಲ್ಲ ಬರೆದಿದ್ದೆ. ಆ ಸಾಲದ ಒಳಗೇನಿದೆ ಎಂದು ಒಂದು ಸಾಲು ಬರೆಯಲಿಲ್ಲ. ವರ್ಷದೊಳಗೆ ಮಗ್ಗ ನಿಂತವು. ಸಾಲ ಕೆಟ್ಟದ್ದು ಅವರ ಕಾಲದಲ್ಲಿ. ಯಾಕೆ ಎಚ್ಚರ ವಹಿಸಲಿಲ್ಲ ಎಂದು ಅವರನ್ನು ಕೇಳಿದರು. ಅವರ ಬಡ್ತಿ ಕೆಲವು ವರ್ಷ ನಿಂತುಹೋಯಿತು. ನನ್ನಲ್ಲೂ ವಿವರಣೆ ಕೇಳಿ ಪತ್ರ ಬಂತು. "ನಾನು ಅಧಿಕಾರ ಹಸ್ತಾಂತರಿಸಿದ ದಿನ ಖಾತೆ ಕ್ರಮಬದ್ಧವಾಗಿತ್ತು" ಎಂದು ಉತ್ತರ ಬರೆದೆ. ಅದು ಅಕ್ಷರಶಃ ನಿಜ. ನನ್ನ ಜೀವನದಲ್ಲಿ ನಾನು ಬರೆದ ಅತ್ಯಂತ ದೊಡ್ಡ ಸುಳ್ಳೂ ಅದೇ.

ಹೀಗೆ ಲೆಕ್ಕ ಹಾಕಿದಾಗ ಇಟ್ಟಿಗೆ, ಹೊದಿಕೆಯ ಪ್ರಶ್ನೆ ನನಗೆ ಬೇರೆ ಥರ ಕಾಣತೊಡಗಿತು. ಮುಚ್ಚಿದರೋ ತೆರೆದರೋ ಎಂಬುದು ದೊಡ್ಡದಲ್ಲ. ಬಣ್ಣ, ಗಾರೆ, ಬಟ್ಟೆ, ಸಭ್ಯತೆ ಇಲ್ಲದೆ ಯಾರೂ ಬದುಕಲಾರರು. ಕೇಳಬೇಕಾದದ್ದು, ನನ್ನ ನಂತರ ಈ ಗೋಡೆಗೆ ಒರಗುವವನಿಗೆ ಅದರ ದೋಷ ಕಾಣುವಂತೆ ಬಿಟ್ಟಿದ್ದೇನೆಯೇ ಎಂದು. ಬರಿ ಇಟ್ಟಿಗೆಯ ಗೋಡೆ ನಮ್ಮ ಮನೆಯನ್ನು ಹೊತ್ತಿಲ್ಲ, ನಿಜ. ಅದರ ಗುಣ ಬೇರೆ. ನೀರು ಇಳಿದರೆ ಕಲೆ ತೋರಿಸುತ್ತದೆ, ಉಪ್ಪಿದ್ದರೆ ಬಿಳಿ ಹೂವಾಗಿ ಹೊರಗೆ ಬಿಡುತ್ತದೆ, ಬಿರುಕಾದರೆ ಸಂದಿನುದ್ದಕ್ಕೂ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಅಂಟಿಸಿದ ಬಿಲ್ಲೆಯ ಹಿಂದೆ ಇದೇ ನೀರು ವರ್ಷಗಟ್ಟಲೆ ಸುಮ್ಮನೆ ಕೂತಿದ್ದು, ಒಂದು ದಿನ ಬಿಲ್ಲೆಯ ಸಮೇತ ಯಾರದೋ ತಲೆಯ ಮೇಲೆ ಬೀಳಬಹುದು. ಕೆಳಗೆ ನಿಂತವನು ಅದನ್ನು ಅಂಟಿಸಿದವನೇ ಆಗಿರಬೇಕೆಂದಿಲ್ಲ.

ಹಾಗಾದರೆ ಬೀದಿಯ ಮರಾಠಿ? ಊರಿಗೆ ಬರೆದ ಪತ್ರಗಳು? 1982ರಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾವು ನಾಲ್ಕು ಜನ ಒಂದು ಕೋಣೆಯಲ್ಲಿದ್ದೆವು. ಇಬ್ಬರು ಮಲಗಿದರೆ ಇಬ್ಬರು ಗೋಡೆಗೆ ಒರಗಬೇಕು. ಅಪ್ಪನಿಗೆ ಮಾತ್ರ ಪ್ರತಿ ವಾರ, "ನಾನು ಇಲ್ಲಿ ಕ್ಷೇಮ, ಕೋಣೆ ಗಾಳಿ ಬೆಳಕಿನಿಂದ ಕೂಡಿದೆ" ಎಂದು ಬರೆಯುತ್ತಿದ್ದೆ. ಇಲ್ಲಿಯವರ ಹತ್ತಿರ ಊರಿನ ತೋಟ ಎರಡು ಎಕರೆ ಹೆಚ್ಚು ಮಾಡಿ ಹೇಳುತ್ತಿದ್ದೆ. ಹೊರನಾಡಿನವರು ಎರಡೂ ಕಡೆ ಬಿಲ್ಲೆ ಅಂಟಿಸುವವರು ಎಂದರೆ ತಪ್ಪಿಲ್ಲ. ಎಷ್ಟೋ ವರ್ಷದ ಮೇಲೆ ಅಪ್ಪ ಒಮ್ಮೆ ಹೇಳಿದ: "ನಿನ್ನ ಕಾಗದದಲ್ಲಿ ಒಂದು ತಾಪತ್ರಯವೂ ಇರ್ತಿರಲಿಲ್ಲ. ಅದಕ್ಕೇ ಹುಡುಗ ಕಷ್ಟದಲ್ಲಿದ್ದಾನೆ ಅಂತ ಗೊತ್ತಾಗ್ತಿತ್ತು." ಆ ಪತ್ರಗಳು ಸೋಗೆ ತಟ್ಟಿ. ಹಿಂದೆ ಮಣ್ಣಿದೆ ಎಂದು ಅವನಿಗೆ ತಿಳಿದಿತ್ತು. ನನ್ನ ಮರಾಠಿಯೂ ಹಾಗೆಯೇ. ಬಾಯಿ ತೆರೆದ ಎರಡನೇ ವಾಕ್ಯಕ್ಕೆ "ತುಮ್ಹಿ ಕಾನಡಿ ಕಾ?" ಎಂದು ತರಕಾರಿಯವಳೂ ಕೇಳುತ್ತಾಳೆ. ಅದರಿಂದ ಯಾರಿಗೂ ನಷ್ಟವಾಗಿಲ್ಲ. ತಲೆಯ ಡೈಯಿಂದಲೂ ಆಗಿಲ್ಲ ಎಂದು ಹೆಂಡತಿಗೆ ವಾದಿಸಿ ನೋಡಿದೆ. ಅವಳು ಒಪ್ಪಿಲ್ಲ.

ಹೊದಿಕೆಗೆ ಅವಳ ವಾದ ನಾನು ಅಂದುಕೊಂಡಷ್ಟು ಹಗುರವಾಗಿರಲಿಲ್ಲ. "ಹೊರಗೋಡೆ ನೋಡುವವರು ನಾವಲ್ಲ, ಎದುರು ಮನೆಯವರು. ಅವರ ಕಣ್ಣಿಗೆ ಚೆಂದ ಇರಲಿ ಅನ್ನೋದು ಸುಳ್ಳಲ್ಲ, ಮರ್ಯಾದೆ. ನಿಮ್ಮ ಸತ್ಯಕ್ಕೋಸ್ಕರ ಮನೆ ಗೋದಾಮಿನ ಹಾಗೆ ಕಾಣಬೇಕಾ?" ಎಂದಳು. ಅದೂ ಸರಿಯೇ. ಭೂಗಾಂವ್ ಕಡೆ ಸಹ್ಯಾದ್ರಿ ಹತ್ತಿರ, ಪುಣೆಯ ಪೇಟೆಗಿಂತ ಮಳೆ ಜಾಸ್ತಿ, ಬರುವುದು ಪಶ್ಚಿಮದಿಂದ. ಆ ಕಡೆ ಬರಿ ಇಟ್ಟಿಗೆ ಇಟ್ಟರೆ ಒಳಗೆ ತೇವ ಬರುತ್ತದೆ ಎಂದು ಆರ್ಕಿಟೆಕ್ಟ್ ಹುಡುಗಿಯೂ ಎಚ್ಚರಿಸಿದಳು. ಕೊನೆಗೆ ಮೂರು ಕಡೆ ಬರಿ ಇಟ್ಟಿಗೆ, ಸಂದುಗಳಿಗೆ ನೀಟಾದ ಪಾಯಿಂಟಿಂಗ್. ಪಶ್ಚಿಮದ ಗೋಡೆಗೆ ಗಿಲಾವು, ಮೇಲೆ ಬಿಳಿ ಬಣ್ಣ. ಅದು ಗಾರೆ, ಗಾರೆಯ ಹಾಗೆಯೇ ಕಾಣುತ್ತದೆ. ಗೇಟಿನ ಕಂಬ ಎರಡಕ್ಕೆ ಅವಳಿಷ್ಟದ ಕಲ್ಲಿನ ಬಿಲ್ಲೆ. ಅಲ್ಲಿ ಯಾರೂ ಒರಗುವುದಿಲ್ಲ.

ಇಟ್ಟಿಗೆಯ ಸಾಲು ಏಳುವಾಗ ದಿನಾ ಸಂಜೆ ಹೋಗಿ ನೋಡುತ್ತಿದ್ದೆ. ಕೆಲಸ ಮುಗಿಸಿ ಗೌಂಡಿ ಸೈಟಿನ ಮೂಲೆಯ ಶೆಡ್ಡಿಗೆ ಹೋಗುತ್ತಿದ್ದ. ನಾಲ್ಕು ಕಡೆ ತಗಡು, ಮೇಲೆ ತಗಡು. ಒಳಗೆ ಹೆಂಡತಿ, ಇಬ್ಬರು ಮಕ್ಕಳು. ಏಪ್ರಿಲ್ ಬಿಸಿಲಿಗೆ ಆ ತಗಡಿನ ಮೇಲೆ ಕೈಯಿಡಲು ಆಗುತ್ತಿರಲಿಲ್ಲ. ನಾನು ನನ್ನ ಗೋಡೆಯ ಪ್ರಾಮಾಣಿಕತೆಯ ಬಗ್ಗೆ ಮೂರು ತಿಂಗಳು ತಲೆ ಕೆಡಿಸಿಕೊಂಡಿದ್ದೆ. ಅವನ ಗೋಡೆಯ ಬಗ್ಗೆ ಒಂದು ದಿನವೂ ಕೇಳಿರಲಿಲ್ಲ. ತಡವಾಗಿ ಶೆಡ್ಡಿನ ಮೇಲೆ ಹುಲ್ಲು ಹೊದಿಸಿ, ಒಂದು ಫ್ಯಾನು ಹಾಕಿಸಿಕೊಟ್ಟೆ. ಅದನ್ನು ಇಲ್ಲಿ ದೊಡ್ಡದಾಗಿ ಬರೆದರೆ ಅದೂ ಬಿಲ್ಲೆ ಅಂಟಿಸಿದಂತೆಯೇ ಆಗುತ್ತದೆ. ಮಳೆಗೆ ಮುಂಚೆ ಕೆಲಸ ಮುಗಿಸಿ ಅವರು ಬೇರೆ ಸೈಟಿಗೆ ಹೋದರು. ಉತ್ತರದ ಗೋಡೆಯ ಮೂಲೆಯ ಒಂದು ಇಟ್ಟಿಗೆಯಲ್ಲಿ ಅವನ ಮಗಳು ಮೊಳೆಯಿಂದ ಕನ್ನಡದ "ಅ" ಕೊರೆದಿದ್ದಾಳೆ. ಬಿಲ್ಲೆ ಅಂಟಿಸಿದ್ದರೆ ಅದು ನಮಗೆ ಕಾಣುತ್ತಿರಲಿಲ್ಲ.

2022ರ ದಸರೆಗೆ ಮನೆ ಹೊಕ್ಕೆವು. ಆ ವಾರ ನಾನು ಎರಡು ಕೆಲಸ ಮಾಡಿದೆ. ಮೊದಲನೆಯದು ಒಂದು ಫೋನು. 1999ರಲ್ಲಿ ನನ್ನಿಂದ ಚಾರ್ಜ್ ತೆಗೆದುಕೊಂಡವರು ನಿವೃತ್ತರಾಗಿ ಬೇರೆ ಊರಿನಲ್ಲಿದ್ದಾರೆ, ನಂಬರು ಹುಡುಕಿದೆ. ನಡೆದದ್ದನ್ನು ಹೇಳಿದೆ, ನನ್ನ ಉತ್ತರದ ಪತ್ರದ ವಿಷಯವನ್ನೂ. ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ. ಆಮೇಲೆ, "ಬಿಡಿ ಸಾರ್, ಹಳೇ ಮಾತು" ಎಂದು ಮೊಮ್ಮಗನ ಮುಂಜಿಯ ಸುದ್ದಿ ತೆಗೆದರು. ಕ್ಷಮಿಸಿದರೋ, ಮಾತು ಮುಚ್ಚಿದರೋ ಗೊತ್ತಾಗಲಿಲ್ಲ. ಮುಚ್ಚಿಕೊಳ್ಳುವ ಹಕ್ಕು ಅವರಿಗಿತ್ತು. ಅವರಿಗೆ ಹೋದ ವರ್ಷಗಳನ್ನು ನನ್ನ ಒಂದು ಫೋನು ತಂದುಕೊಡುವುದಿಲ್ಲ.

ಎರಡನೆಯದು ಒಂದು ಫೈಲು. ಅದರ ಮೇಲೆ "ಮನೆಯ ಚಾರ್ಜ್ ಪಟ್ಟಿ" ಎಂದು ಬರೆದಿದ್ದೇನೆ. ನಕ್ಷೆಗಳು, ಗಿಲಾವು ಮಾಡುವ ಮುಂಚೆ ತೆಗೆದ ಗೋಡೆಯ ಫೋಟೋಗಳು, ಪೈಪು ಎಲ್ಲಿ ಹೋಗುತ್ತದೆ, ವೈರು ಎಲ್ಲಿ ಹೋಗುತ್ತದೆ, ಯಾವ ಜಾಗದಲ್ಲಿ ಕೆಲಸ ಚೆನ್ನಾಗಿ ಆಗಿಲ್ಲ, ಎಲ್ಲ ಅದರಲ್ಲಿದೆ. ಮಗನಿಗೋ, ಅವನು ಮಾರಿದರೆ ಕೊಳ್ಳುವವನಿಗೋ ಬೇಕಾದೀತು. ಮೊದಲ ಮಳೆಗಾಲ ಮುಗಿಯುವಷ್ಟರಲ್ಲೇ ಉತ್ತರದ ಇಟ್ಟಿಗೆಗಳ ಮೇಲೆ ಬಿಳಿ ಉಪ್ಪು ಎದ್ದಿತ್ತು. "ನೋಡಿ ನಿಮ್ಮ ಸತ್ಯ, ಮುಖಕ್ಕೆ ಪೌಡರು ಹಚ್ಚಿಕೊಂಡಿದೆ" ಎಂದಳು ಹೆಂಡತಿ. ತಾರಸಿಯ ನೀರು ಬೀಳುವ ಕೊಳವೆ ಗೋಡೆಗೆ ತೀರ ಹತ್ತಿರ ಬಿಟ್ಟಿತ್ತು. ಅದನ್ನು ಉದ್ದ ಮಾಡಿಸಿದೆ. ಗೋಡೆ ಒಣಗಿದ ಮೇಲೆ ಒಣ ಬ್ರಷ್ಷಿನಿಂದ ಉಪ್ಪು ಉಜ್ಜಿ ತೆಗೆದೆ. ನೀರು ಹಾಕಿ ತೊಳೆದರೆ ಅದು ಕರಗಿ ಮತ್ತೆ ಒಳಗೇ ಹೋಗುತ್ತದೆ. ಪಟ್ಟಿಯಲ್ಲಿ ಮೊದಲ ದೋಷವಾಗಿ ಅದನ್ನೇ ಬರೆದು, ತಾರೀಕು ಹಾಕಿ, ಸಹಿ ಮಾಡಿದೆ.